ಮಾಸ್ತರರ ಹೊಸ ವೈರು

ತೀರಿಕೊಂಡವರೆಲ್ಲರಂತೆ ತಬಲಾ ಮಾಸ್ತರ ಚನ್ನಮಲ್ಲಪ್ಪನವರೂ, ಸತ್ತವರ ಮನಸ್ಸನ್ನು ತುಂಬಿಡುವ ಸ್ಟೋರೇಜ್ ಪೆಟ್ಟಿಗೆಯೊಳಗಿದ್ದರು. ಆ ಪೆಟ್ಟಿಗೆ ಧಾರವಾಡದಲ್ಲಿ ಶಿಷ್ಯೆ ಇಂದುಮತಿಯ ಮನೆಯ ಕಪಾಟಿನಲ್ಲಿತ್ತು. ದಿನಾ ಬೆಳಿಗ್ಗೆ ಅವರು ಪಡಸಾಲೆಯ ಕಂಪ್ಯೂಟರಿಗೆ ಬಂದು ಅವಳ ಹಾಡಿಗೆ ತಬಲಾ ನುಡಿಸುತ್ತಿದ್ದರು. ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಎಳೆದಿದ್ದ ಹಳೆಯ ವೈರಿನಲ್ಲಿ ಅವರ ಸಮ, ಅಂದರೆ ತಾಳದ ಮೊದಲ ಪೆಟ್ಟು, ಒಂದು ಮಾತ್ರೆ ತಡವಾಗಿ ತಲುಪುತ್ತಿತ್ತು. ಅವರಿಗೆ ಗೊತ್ತಾಗದಂತೆ ಅವಳು ಸ್ವರ ಎಳೆದು ಕಾಯುತ್ತಿದ್ದಳು.

ಇವತ್ತು ಕಂಪ್ಯೂಟರ್ ರಿಪೇರಿಯ ದಾವಲಸಾಬ ಹೊಸ ವೈರು ಹಾಕಿಕೊಟ್ಟು ಹೋದ. ಇಂದುಮತಿ ರೂಢಿಯಂತೆ ಸ್ವರ ಎಳೆದಳು. ಅಷ್ಟರಲ್ಲಿ ತಬಲಾ ಸಮಕ್ಕೆ ಬಂದುಬಿಟ್ಟಿತ್ತು.

"ಯಾಕವಾ, ಇವತ್ತ ತಡಾ ಮಾಡಿದಿ?" ಎಂದರು ಮಾಸ್ತರು.

ಅವಳು ವೈರಿನ ವಿಷಯ ಹೇಳಲೇಬೇಕಾಯಿತು.

"ಹನ್ನೊಂದು ವರ್ಷ ನನ್ನ ಸಲುವಾಗಿ ಕಾದಿ. ಒಮ್ಮೆರ ಹೇಳಬಾರದೇನು?"

"ಗುರುಗಳಿಗೆ ತಾಳ ತಪ್ಪೇತಿ ಅಂತ ಹ್ಯಾಂಗ ಹೇಳ್ಲಿರಿ?"



"ಜೀವಮಾನೆಲ್ಲಾ ಮಂದಿ ಹಾಡಿಗೆ ಸಾಥ್ ಕೊಟ್ಟೆ," ಎಂದರು ಮಾಸ್ತರು. "ನನಗ ಸಾಥ್ ಕೊಟ್ಟಾಕಿ ನೀ ಒಬ್ಬಾಕಿ."