ಕೆಂಪು ಕೀಲಿ

"ನಾಲ್ಕನೆಯ ಗಿರಾಕಿಯೂ ಓಡಿಹೋದರೆ ಈ ಡಬ್ಬಾನ ನಿನ್ನ ತಲೆಗೇ ಕಟ್ಟಿ ಕೈ ತೊಳ್ಕೊತೀನಿ, ನೋಡ್ತಿರು!" ಭಾವ ವ್ಯಾನಿನ ಬಾಗಿಲನ್ನು ದಡಾರನೆ ಹಾಕಿದರು.

ಅವಳು ಬ್ಯಾಟರಿಯ ಕಪ್ಪು ತಂತಿಯ ನಟ್ಟು ಸಡಿಲಿಸಿದಳು.

ಹಾಸಿಗೆ, ಒಲೆ, ಫ್ರಿಜ್ಜು ಎಲ್ಲ ಇರುವ ಪ್ರವಾಸದ ವ್ಯಾನು. ಅವಳ ಗಂಡ ತೀರಿಕೊಂಡ ಏಳು ತಿಂಗಳಲ್ಲಿ ಭಾವ ಅದಕ್ಕೆ ಮೂವರು ಗಿರಾಕಿಗಳನ್ನು ಹಿಡಿದು ತಂದಿದ್ದರು. ಮೂರು ಸಲವೂ ಬ್ಯಾಟರಿ ಖಾಲಿಯಾಗಿ ದೀಪ ಹತ್ತಲಿಲ್ಲ, ಫ್ಯಾನು ತಿರುಗಲಿಲ್ಲ, ನಲ್ಲಿ ಉಸಿರೆತ್ತಲಿಲ್ಲ. ವೈರಿಂಗೇ ಕೆಟ್ಟಿದೆ ಎಂದು ಮೂವರೂ ನಯವಾಗಿ ಜಾರಿಕೊಂಡರು. ಭಾವನ ಸಂಶೋಧನೆಯ ಪ್ರಕಾರ ಇದಕ್ಕೆ ಕಾರಣ ಇಲಿ, ಚಳಿ ಮತ್ತು ತಮ್ಮನ ಹೆಂಡತಿ. ಮೊದಲೆರಡಕ್ಕೆ ಬೈದರೆ ಕೇಳುವವರಿರಲಿಲ್ಲ.

ಮಾರುವುದು ಬೇಡ ಎಂದು ಅವಳು ಒಂದೇ ಒಂದು ಸಲ ಹೇಳಿದ್ದಳು. ನೆನಪಿಗೆ ಫೋಟೋ ಇದೆಯಲ್ಲ ಎಂದು ಭಾವ ಔದಾರ್ಯ ತೋರಿದ್ದರು.

ಬ್ಯಾಟರಿಯ ಸಂಪರ್ಕವನ್ನೇ ಕತ್ತರಿಸುವ ಸ್ವಿಚ್ಚು ತಂದವರೂ ಅವರೇ. "ಫಿಸಿಕ್ಸ್ ಓದಿದವಳು ಮನೇಲಿರೋವಾಗ ಎಲೆಕ್ಟ್ರಿಷಿಯನ್ ಯಾಕೆ?"

"ಬೇಗ ತೊಲಗಲಿ ಪೀಡೆ," ಎಂದರು ಸ್ಟೂಲಿನ ಮೇಲೆ ಸ್ವೆಟರ್ ಹೆಣೆಯುತ್ತಿದ್ದ ಅತ್ತೆ. "ಅಂಗಳ ಖಾಲಿಯಾದ್ರೆ ಬಟ್ಟೆನಾದ್ರೂ ಒಣಗಿಸಬಹುದು."

ಅವಳು ಕಪ್ಪು ತಂತಿಯನ್ನು ಸ್ವಿಚ್ಚಿನ ಒಂದು ತುದಿಗೆ ಬಿಗಿದಳು. ಇನ್ನೊಂದು ತುದಿಯಿಂದ ಗಿಡ್ಡ ತಂತಿಯೊಂದನ್ನು ಬ್ಯಾಟರಿಗೆ ಕೊಟ್ಟಳು. ಮೇಲೆ ಕೆಂಪು ಕೀಲಿ.

"ಇದನ್ನ ತೆಗೆದಿಟ್ರೆ ಬ್ಯಾಟರಿ ಹಾಗೇ ಇರುತ್ತೆ."

"ಹಾಕಿಟ್ರೆ?" ಅತ್ತೆ ಕೇಳಿದರು.

"ವ್ಯಾನಿನ ಬೀರು ಒಳಗಿನ ಪುಟ್ಟ ದೀಪ ಆರಿಸೋದು ಮರೆತ್ರೂ ಸಾಕು ಅತ್ತೆ. ಆರು ದಿನಕ್ಕೆ ಖಾಲಿ."

"ಅಷ್ಟು ಸರಿಯಾಗಿ ಗೊತ್ತಾ?"

"ಓದಿದೀನಲ್ಲ."

ಭಾವ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಸಿ, ಕೀಲಿ ಕಿತ್ತು, ತಾಯಿಯ ಕೈಗಿಟ್ಟರು. "ಇವಳಿಗೆ ಮಾತ್ರ ಕೊಡಬೇಡಮ್ಮ." ಅತ್ತೆ ಅದನ್ನು ಕನ್ನಡಕದ ಡಬ್ಬಿಯೊಳಗೆ ಹಾಕಿಕೊಂಡರು.

ಎಂಟು ದಿನ ಕಳೆದು ನಾಲ್ಕನೆಯ ಗಿರಾಕಿ ಬಂದ.

"ಅಮ್ಮ, ಕೀಲಿ!"

"ಡಬ್ಬಿ ಎಲ್ಲಿಟ್ಟೆನೋ ಏನೋ. ವಯಸ್ಸಾಯ್ತು ಕಣಪ್ಪ."

ಭಾವ ಮನೆಯನ್ನೆಲ್ಲ ತಡಕಾಡುತ್ತಿದ್ದಾಗ ಅವಳು ವ್ಯಾನು ಹತ್ತಿದಳು. ಕೀಲಿ ಸ್ವಿಚ್ಚಿನಲ್ಲೇ ಇತ್ತು, ತಿರುಗಿಸಿಯೂ ಇತ್ತು. ದಿಂಬಿನ ಮೇಲೆ ಕನ್ನಡಕದ ಡಬ್ಬಿ. ಬೀರುವಿನಲ್ಲಿ ಗಂಡನ ಶರ್ಟುಗಳ ಹಿಂದಿನ ದೀಪದ ಗುಂಡಿ ಒತ್ತಿಯೇ ಇತ್ತು. ಅವಳು ಡಬ್ಬಿಯನ್ನು ಸೆರಗಿನೊಳಗೆ ಸೇರಿಸಿದಳು.

"ಕೀಲಿ ಸಿಕ್ತು ಭಾವ!"

ಗಿರಾಕಿ ಒಂದೊಂದಾಗಿ ಎಲ್ಲ ಗುಂಡಿಗಳನ್ನೂ ಒತ್ತಿದ. ಏನೂ ಹತ್ತಲಿಲ್ಲ.

"ತಂತಿ ನಾನೇ ತಪ್ಪಾಗಿ ಕೊಟ್ಟಿರಬೇಕು," ಎಂದಳು.

"ಓದಿದ್ದು ದಂಡ!" ಭಾವ ಕೈಮುಗಿದರು. "ಇಟ್ಕೊಳಮ್ಮ, ನೀನೇ ಇಟ್ಕೋ. ಇನ್ನು ಇದರ ತಂಟೆಗೆ ಬಂದ್ರೆ ಕೇಳು." ಗಿರಾಕಿಯ ಹಿಂದೆಯೇ ಅವರೂ ಹೊರಟರು.

ಅವಳು ಡಬ್ಬಿಯನ್ನು ಅತ್ತೆಯ ಮಡಿಲಿಗಿಟ್ಟಳು. "ವ್ಯಾನಿನಲ್ಲಿತ್ತು. ನೀವು ಇಂಥ ಕೆಲಸ ಮಾಡ್ತೀರ ಅಂದ್ಕೊಂಡಿರಲಿಲ್ಲ ಅತ್ತೆ."

ಅತ್ತೆ ಹೆಣಿಗೆಯಿಂದ ಕಣ್ಣೆತ್ತಲಿಲ್ಲ. "ಮೂರು ಸಲ ಆ ದೀಪ ಹಾಕಿಟ್ಟವಳು ನೀನು. ಈ ಸಲ ಕೀಲಿ ನನ್ನ ಹತ್ರ ಇತ್ತಲ್ಲ, ಇನ್ಯಾರು ಹಾಕ್ಬೇಕಿತ್ತು?"