ತೋಟದ ಮನೆಗೆ ನೆಟ್

ಆಂಟೆನಾ ಕೂರಿಸಲು ಹಾರೂಗೇರಿಯಿಂದ ಬಂದ ಇಬ್ಬರು ಗಾಡಿಯಿಂದ ಏಣಿಯನ್ನು ಇಳಿಸಲೇ ಇಲ್ಲ. ಬಾಗಿಲಲ್ಲಿ ನಿಂತು ಮೇಘಾ ಕೊಟ್ಟ ನೀರು ಕುಡಿಯುತ್ತಿದ್ದರು. ಅಷ್ಟರಲ್ಲಿ ಅವರಲ್ಲಿ ಹಿರಿಯನಾದ ನಿತಿನನಿಗೆ ಫೋನ್ ಬಂತು. ಅವನು ಕೇಳಿಸಿಕೊಂಡ. ಮುಖದ ಬಣ್ಣ ಇಳಿಯಿತು. ಲೋಟವನ್ನು ಕಟ್ಟೆಯ ಮೇಲಿಟ್ಟ. ಕಂಪನಿಯ ಹೆಸರು, ನಂಬರು ದಪ್ಪಗೆ ಬರೆದಿದ್ದ ಆ ಗಾಡಿ ಗರ್ರನೆ ತಿರುಗಿ ಕಬ್ಬಿನ ನಡುವೆ ಮರೆಯಾಯಿತು.

ಮೇಘಾ ಎಂಟು ದಿನದಿಂದ ನೆಟ್ ಹುಡುಕುತ್ತಿದ್ದಳು. ಅಥಣಿಯ ಒಂದು ಟ್ಯೂಷನ್ ಸಂಸ್ಥೆ ಅವಳಿಗೆ ಕೆಲಸ ಕೊಡುವುದಾಗಿ ಹೇಳಿತ್ತು. ಮನೆಯಲ್ಲೇ ಕೂತು ದಿನಾ ಎರಡು ತಾಸು ಹತ್ತನೆಯ ಇಯತ್ತೆಯ ಮಕ್ಕಳಿಗೆ ಗಣಿತ ಕಲಿಸುವುದು. ಬಿ.ಎಡ್. ಮುಗಿಸಿ ಮದುವೆಯಾಗಿ ಎರಡು ವರ್ಷ ಉಗಾರ ಬುದ್ರುಕದ ಈ ತೋಟದ ಮನೆಯಲ್ಲಿ ರೊಟ್ಟಿ ಬಡಿದವಳಿಗೆ ಇದು ಮೊದಲ ಅವಕಾಶ. ಶುಕ್ರವಾರದೊಳಗೆ ನೆಟ್ ಬರಬೇಕು, ಇಲ್ಲವಾದರೆ ಬೇರೆಯವರು ಸಾಲಿನಲ್ಲಿದ್ದಾರೆ ಎಂದು ಅವರು ತಿಳಿಸಿದ್ದರು.

ಗಂಡ ಮಾಳಸಿದ್ದ ಗಡಿಯಾಚೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ರವಿವಾರಕ್ಕೊಮ್ಮೆ ಬರುತ್ತಿದ್ದ. ಕೆಲಸದ ವಿಷಯ ಕೇಳಿ ಅವನು ಬೈಯಲಿಲ್ಲ, ನಕ್ಕ. "ಮಾಡು. ನೆಟ್ ಸಿಕ್ರ ಮಾಡು," ಎಂದ. ಅವನು ಜೋರಾಗಿ ಮಾತಾಡುವವನೇ ಅಲ್ಲ. ಎಲ್ಲವೂ ಹೊತ್ತಿಗೆ ಸರಿಯಾಗಿ ಆಗಬೇಕು, ಅಷ್ಟೇ. ಪಡಸಾಲೆ, ಅಡುಗೆಮನೆ, ಮಲಗುವ ಕೋಣೆ ಮೂರರಲ್ಲೂ ಕರೆಂಟಿನ ಮೇಲೆ ನಡೆಯುವ ಒಂದೇ ಥರದ ಕಪ್ಪು ಗಡಿಯಾರಗಳನ್ನು ತಾನೇ ತೂಗುಹಾಕಿದ್ದ. ಮಾಳಿಗೆಯ ಮೇಲೆ ಬೆಳೆಗೆ ಹೊಡೆಯುವ ಔಷಧಿ ಇಡುವ ಕೋಣೆಗೆ ಬೀಗ, ಕೀಲಿ ಅವನ ಹತ್ತಿರ.

ನೆಟ್ ಸಿಗುವುದು ಸುಲಭವಿರಲಿಲ್ಲ. ಮೊಬೈಲ್ ಸಿಗ್ನಲ್ ನೀರಿನ ಟಾಕಿಯ ಮೇಲೆ ಹತ್ತಿದರೆ ಮಾತ್ರ. ಹಾರೂಗೇರಿಯ ಆಂಟೆನಾ ದುಬಾರಿ, ಆದರೂ ತವರಿನವರು ಕೊಟ್ಟ ಹಣದಲ್ಲಿ ಹಾಕಿಸೋಣ ಎಂದುಕೊಂಡಿದ್ದಳು. ಎಲ್ಲಕ್ಕಿಂತ ಅಗ್ಗದ್ದು ಊರಿನ ಆಬಾಸಾಹೇಬನ ಕೇಬಲ್. ಆದರೆ ಆ ಅಂಗಡಿಯ ಮೆಟ್ಟಿಲು ಹತ್ತಬಾರದು ಎಂದು ಮಾಳಸಿದ್ದ ಮೊದಲೇ ಹೇಳಿದ್ದ. ಆ ಮನುಷ್ಯನ ಕಣ್ಣು ಸರಿಯಿಲ್ಲವಂತೆ. ಬೇರೆ ಕಂಪನಿಯವರನ್ನು ಊರೊಳಗೆ ಕಾಲಿಡಲು ಬಿಡುವುದಿಲ್ಲವಂತೆ.

ಮನೆಯ ಲ್ಯಾಂಡ್‌ಲೈನಿನಲ್ಲಿ ಮಾತಾಡಿದರೆ ಅತ್ತೆಗೆ ಕೇಳಿಸೀತೆಂದು ಮರುದಿನ ಟಾಕಿ ಹತ್ತಿ ನಿತಿನನಿಗೆ ಫೋನ್ ಮಾಡಿದಳು.

"ವೈನಿ, ನಮಗ ಮತ್ತ ಕರೀಬ್ಯಾಡ್ರಿ. ಫೋನ್ ಮಾಡಿದಾಂವ ನನ್ನ ಅಂಗಿ ಬಣ್ಣ ಹೇಳಿದಾ. ಕೈಯಾಗ ನೀರಿನ ಗ್ಲಾಸ್ ಐತಿ, ಕೆಳಗಿಟ್ಟು ನಡಿ, ಇಲ್ಲಂದ್ರ ಕಾಲು ಉಳ್ಯಂಗಿಲ್ಲ ಅಂದಾ."

ಅಂದರೆ ಯಾರೋ ನೋಡುತ್ತಿದ್ದರು. ಮೇಘಾ ಕುಡಗೋಲು ಹಿಡಿದು ಮನೆ ಎದುರಿನ ಕಬ್ಬಿನೊಳಗೆ ನುಗ್ಗಿದಳು. ಹಿಂದಿನ ದಿನ ಅವರು ಬರುವ ಮೊದಲೇ ನೀರು ಬಿಟ್ಟಿದ್ದ ನೆಲ ಇನ್ನೂ ಹಸಿ. ಅದರ ಮೇಲೆ ಒಂದು ಹೆಜ್ಜೆ ಗುರುತೂ ಇರಲಿಲ್ಲ.

ಸಂಜೆ ಮನೆಯ ಲ್ಯಾಂಡ್‌ಲೈನಿಗೆ ಮಾಳಸಿದ್ದನ ಫೋನ್. ಊಟ, ಎಮ್ಮೆ, ಹಾಲು ಎಲ್ಲ ವಿಚಾರಿಸಿ ಕೊನೆಗೆ ಮೆಲ್ಲಗೆ, ಬಂದವರಿಗೆ ನೀರು ಕೊಟ್ಟದ್ದು ಒಳ್ಳೆಯದಾಯಿತು, ಆದರೆ ತಲೆ ಮೇಲೆ ಸೆರಗು ಇರಬೇಕಿತ್ತು ಎಂದ.

ಮೇಘಾ ಅದನ್ನು ಅವನಿಗೆ ಹೇಳಿರಲಿಲ್ಲ. ಫೋನ್ ಇಟ್ಟವಳೇ ಅತ್ತೆ ಶಿವಗಂಗವ್ವನ ಮೇಲೆ ಹರಿಹಾಯ್ದಳು. ಎರಡು ವರ್ಷದಿಂದ ಮನೆಯ ಒಂದೊಂದು ಸುದ್ದಿಯನ್ನೂ ಮಗನಿಗೆ ಮುಟ್ಟಿಸುವವಳು ಇವಳೇ ಎಂದು ಅವಳಿಗೆ ಅನುಮಾನವಿತ್ತು. ಮುದುಕಿ ಸೊಸೆಯ ಕೈ ಹಿಡಿದು ಹಿತ್ತಲಿನ ಎಮ್ಮೆ ಕೊಟ್ಟಿಗೆಗೆ ಎಳೆದುಕೊಂಡು ಹೋದಳು. ಏನಾದರೂ ಮನಸ್ಸಿನ ಮಾತಿದ್ದರೆ ಅವಳು ಅಲ್ಲೇ ಆಡುತ್ತಿದ್ದಳು.

"ನನಗ ಫೋನ್ ಒತ್ತಾಕ ಬರಂಗಿಲ್ಲವಾ," ಎಂದಳು. "ಅಂವಗ ಯಾರು ಹೇಳ್ತಾರೋ ನನಗೂ ತಿಳಿವಲ್ದು. ನಿಮ್ಮ ಮಾವ ಇದ್ದಾಗ ಹಿಂಗ ಇರಲಿಲ್ಲ."

ಮೇಘಾ ನಂಬಲಿಲ್ಲ. ಎರಡು ದಿನ ಅತ್ತೆಯನ್ನು ಮಾತಾಡಿಸಲೂ ಇಲ್ಲ. ರೊಟ್ಟಿ ತಟ್ಟಿ ಮುಂದಿಡುತ್ತಿದ್ದಳು. ಮುದುಕಿ ತಲೆ ತಗ್ಗಿಸಿ ಉಣ್ಣುತ್ತಿದ್ದಳು.

ಗುರುವಾರ ಬಂತು. ಇನ್ನು ಉಳಿದದ್ದು ಒಂದೇ ದಾರಿ. ಯಾರಿಗೆ ಹೆದರಿ ಎಲ್ಲರೂ ಓಡುತ್ತಾರೋ ಅವನ ಹತ್ತಿರವೇ ಹೋಗಿ ಕೇಳುವುದು. ಅವನದೇ ಕೇಬಲ್ ತೆಗೆದುಕೊಂಡರೆ ಅವನ ಕಾಟವಾದರೂ ತಪ್ಪುತ್ತದೆ. ಗಂಡನಿಗೆ ಆಮೇಲೆ ಹೇಳಿದರಾಯಿತು. ಜೋಳದ ಡಬ್ಬಿ ಎತ್ತಿಕೊಂಡು, ಗಿರಣಿಗೆ ಹೋಗಿ ಬರುತ್ತೇನೆಂದು ಅಡುಗೆಮನೆಯಿಂದಲೇ ಅತ್ತೆಗೆ ಕೂಗಿ ಹೇಳಿ ಹೊರಟಳು.

ಆಬಾಸಾಹೇಬನ ಅಂಗಡಿಯೊಳಗೆ ಹೆಜ್ಜೆಯಿಟ್ಟಳು. ಅವನು ಅರವತ್ತು ದಾಟಿದ, ದಪ್ಪ ಕನ್ನಡಕದ ಮನುಷ್ಯ. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಶೇಂಗಾ ಬಿಡಿಸಿ ತಿನ್ನಿಸುತ್ತಿದ್ದ. "ಬಾ ತಂಗಿ, ಕುಂದ್ರು" ಎಂದು ಸ್ಟೂಲ್ ಸರಿಸಿದ.

ಮೇಘಾ ನಿಂತೇ ಇದ್ದಳು. ಹಾರೂಗೇರಿಯವರನ್ನು ಯಾಕೆ ಹೆದರಿಸಿದಿರಿ ಎಂದು ನೇರವಾಗಿ ಕೇಳಿಬಿಟ್ಟಳು.

ಆಬಾಸಾಹೇಬ ಕನ್ನಡಕ ತೆಗೆದು ಅವಳನ್ನೇ ನೋಡಿದ. ನಿತಿನ ತನ್ನ ತಂಗಿಯ ಮಗ, ಆ ಆಂಟೆನಾದ ಅಂಗಡಿಗೆ ಜಾಮೀನು ನಿಂತವನೇ ತಾನು ಎಂದು ಹೇಳಿದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ, ಬರಿಯ ಆಶ್ಚರ್ಯವಿತ್ತು. ಹಾಗಾದರೆ ತನಗೊಂದು ಕೇಬಲ್ ಕನೆಕ್ಷನ್ ಕೊಡಿ, ಎಲ್ಲಕ್ಕಿಂತ ಕಡಿಮೆಯದು ಸಾಕು ಎಂದು ಮೇಘಾ ತಡವರಿಸಿದಳು.

ಅವನು ಹೆಸರು ಕೇಳಿದ, ಯಾವ ತೋಟ ಎಂದು ಕೇಳಿದ, ಕಂಪ್ಯೂಟರಿನಲ್ಲಿ ಒಂದೊಂದೇ ಅಕ್ಷರ ಒತ್ತಿದ. ಕೈ ಅಲ್ಲೇ ನಿಂತಿತು.

"ಇನ್ನೊಂದ ಯಾಕವಾ? ಇದ್ದದ್ದು ಬಂದ್ ಬಿದ್ದೈತೇನು?"

"ಯಾವುದ್ರಿ?"

"ಮಾಳಸಿದ್ದ ತಗೊಂಡದ್ದು, ನಿಮ್ಮ ಲಗ್ನದ ಹಿಂದಿನ ವಾರ," ಎಂದ ಆಬಾಸಾಹೇಬ. "ಮನಿ ಒಳಗಿನ ಮೂರೂ ಕ್ಯಾಮೆರಾ ಅದರ ಮ್ಯಾಲ ನಡ್ಯಾಕತ್ತಾವಲ್ಲ."