ರಜೆಗೆ ಹೋದ ಪೈಲಟ್

ಯುದ್ಧನೌಕೆಯ ಹ್ಯಾಂಗರಿನಲ್ಲಿ ಒಂದು ರೂಢಿಯಿತ್ತು. ಪೈಲಟ್ ಸತ್ತರೆ ಅವರ ವಿಮಾನಕ್ಕೆ ಆ ಸುದ್ದಿ ಹೇಳುತ್ತಿರಲಿಲ್ಲ, ರಜೆಗೆ ಹೋಗಿದ್ದಾರೆ ಎನ್ನುತ್ತಿದ್ದರು. ದುಃಖ ಹಿಡಿದ ವಿಮಾನ ಹಾರುವುದಿಲ್ಲವೆಂಬ ಭಯ.

ವಿಮಾನದ ರೆಕ್ಕೆಗೆ ಗುಂಡು ತಗುಲಿದಾಗ ಪೈಲಟ್ ಅಚ್ಚಯ್ಯ ಕಡಲಿಗೆ ಜಿಗಿದು ಮುಳುಗಿಹೋದರು. ವಿಮಾನ ಒಂಟಿಯಾಗಿ ಮರಳಿತು. ಅವರನ್ನು ದೋಣಿಯವರು ಎತ್ತಿಕೊಂಡರು, ಈಗ ರಜೆಗೆ ಹೋಗಿದ್ದಾರೆ ಎಂದು ಅದಕ್ಕೂ ಹೇಳಿದರು. ಮೆಕ್ಯಾನಿಕ್ ಶೇವಂತಿ ರೆಕ್ಕೆಗೆ ತೇಪೆ ಹಾಕಿ, ಮೈಗಂಟಿದ ಉಪ್ಪನ್ನು ಸಿಹಿನೀರಿನಲ್ಲಿ ತೊಳೆದಳು. ಆದರೂ ಹೊಸ ಪೈಲಟ್‌ಗೆ ಅದು ಕಾಕ್‌ಪಿಟ್ ತೆರೆಯಲೊಲ್ಲದು. ಸಂಜೆಯೊಳಗೆ ಹಾರದಿದ್ದರೆ ಬಿಚ್ಚಿ ಬಿಡಿಭಾಗ ಮಾಡಿ ಎಂದು ಮೇಲಧಿಕಾರಿ ಹೇಳಿಹೋದರು.

"ಇನ್ನೂ ರಜೆ ಮುಗೀಲಿಲ್ವಾ ಶೇವಂತಕ್ಕ?" ಎಂದಿತು ವಿಮಾನ. "ಅತ್ತೆ ಮನೆ ಊಟ ಅಷ್ಟು ರುಚಿಯಾ ಅವರಿಗೆ?"

ಶೇವಂತಿ ಸ್ಪ್ಯಾನರ್ ಕೆಳಗಿಟ್ಟು ಅದರ ಮೂತಿಯ ಮೇಲೆ ಅಂಗೈ ಇಟ್ಟಳು.

"ರಜೆ ಅಲ್ಲ ಮಾರಾಯ. ಅಚ್ಚಯ್ಯ ಸರ್ ಅವತ್ತೇ ಕಡಲಲ್ಲಿ ಮುಳುಗಿ ತೀರಿಕೊಂಡ್ರು. ನಾವೆಲ್ಲ ಸುಳ್ಳು ಹೇಳಿದ್ದು."

ಹ್ಯಾಂಗರಿನಲ್ಲಿದ್ದವರೆಲ್ಲ ಕೆಲಸ ನಿಲ್ಲಿಸಿ ಅವಳನ್ನೇ ನೋಡಿದರು.

"ಹೊಸಬರಿಗೆ ಈಜು ಬರ್ತದಾ?" ಎಂದಿತು ವಿಮಾನ.

ಶೇವಂತಿ ತಿರುಗಿ ನೋಡಿದಳು. ಹೆಲ್ಮೆಟ್ ಹಿಡಿದು ನಿಂತಿದ್ದ ಹೊಸ ಪೈಲಟ್ ತಲೆಯಾಡಿಸಿದರು.

"ಬರ್ತದಂತೆ."

"ಅಂತೆ ಗಿಂತೆ ಬೇಡ ಅಕ್ಕ. ಒಮ್ಮೆ ನೀರಿಗಿಳಿಸಿ ನೋಡಿ. ಅಷ್ಟರೊಳಗೆ ನಾನು ಎಂಜಿನ್ ಬಿಸಿ ಮಾಡ್ಕೊಳ್ತೇನೆ."